ಗೂಸ್‌ಬೆರಿ ಗಿಡಕ್ಕೆ ಉಕ್ಕಿನ ಗೂಡು

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಜೇಬೆಜ್ ಓಕೆಲ್ ತೋಟದಲ್ಲಿ ಮೊಣಕಾಲೂರಿ ತನ್ನ ಗೂಸ್‌ಬೆರಿ ಗಿಡಕ್ಕೆ ನೀರು ಕುಡಿಸುತ್ತಿದ್ದ. ಬೇರಿಗಲ್ಲ, ಕಾಯಿಗೆ. ಚೆಷೈರ್ ಸೀಮೆಯ ಮಾರ್ಲ್‌ಫೀಲ್ಡ್ ಊರಲ್ಲಿ ತೂಕದ ಪಂದ್ಯಕ್ಕೆ ಗೂಸ್‌ಬೆರಿ, ಅಂದರೆ ಗಿಡ್ಡ ಮುಳ್ಳುಗಿಡದ ಹುಳಿಹಣ್ಣು, ಬೆಳೆಯುವವರು ಒಂದು ಗಿಡದಲ್ಲಿ ಮೂರೇ ಮೂರು ಕಾಯಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಹಾಕುತ್ತಾರೆ. ಉಳಿದ ಒಂದೊಂದರ ಕೆಳಗೂ ಪುಟ್ಟ ತಟ್ಟೆ ಇಟ್ಟು, ಕಾಯಿಯ ತುದಿ ಮುಳುಗುವಷ್ಟು ನೀರು ತುಂಬುತ್ತಾರೆ. ಹಸುಗೂಸಿಗೆ ಒಳಲೆಯಲ್ಲಿ ಹಾಲು ಹಾಕುವ ತಾಯಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಜೇಬೆಜ್ ಉಸಿರು ಬಿಗಿಹಿಡಿದು ಮೂರನೆಯ ತಟ್ಟೆಗೆ ಹನಿ ಹನಿಯಾಗಿ ನೀರು ಬಿಡುತ್ತಿದ್ದಾಗ ಪಡುವಣದಿಂದ ಒಂದು ಹುಚ್ಚು ಗಾಳಿ ಎದ್ದಿತು. ಬೇಲಿಯ ಮೇಲಿಂದ ಏನೋ ಒಂದು ದೊಡ್ಡದು, ದುಂಡಗಿನದು, ಉರುಳುತ್ತ ಹಾರುತ್ತ ಬಂದು ಗಿಡದ ಮೇಲೆ ಕವುಚಿಕೊಂಡು ಕೂತುಬಿಟ್ಟಿತು.

ಒಂದು ಎಲೆಯೂ ಉದುರಲಿಲ್ಲ. ಒಂದು ತಟ್ಟೆಯೂ ಅಲುಗಲಿಲ್ಲ.

ಜೇಬೆಜ್ ಪೀಪಾಯಿ ಕಟ್ಟುವವನು. ಇಪ್ಪತ್ತು ವರ್ಷದಿಂದ ಬೆಣ್ಣೆ ಪೀಪಾಯಿ, ಬಿಯರ್ ಪೀಪಾಯಿಗಳಿಗೆ ಕಬ್ಬಿಣದ ಬಳೆ ಬಿಗಿಯುತ್ತ ಬಂದ ಕೈ. ಅವನು ಆ ವಸ್ತುವನ್ನು ಕಸುಬುದಾರನ ಕಣ್ಣಿನಿಂದ ನೋಡಿದ. ತೆಳುವಾದ ಉಕ್ಕಿನ ಒಂಬತ್ತು ಬಳೆಗಳು, ಕೆಳಗಿನದು ಎಲ್ಲಕ್ಕಿಂತ ಅಗಲ, ಮೇಲೆ ಹೋದಂತೆ ಚಿಕ್ಕದು. ಬಿಳಿ ಪಟ್ಟಿಗಳಿಂದ ಒಂದಕ್ಕೊಂದು ತೂಗುಹಾಕಿದ್ದಾರೆ. ತುತ್ತತುದಿಯಲ್ಲಿ ಒಂದು ಬಕಲ್.

"ಹಲಗೆ ಇಲ್ಲದ ಪೀಪಾಯಿ! ಎಂಥಾ ಕೆಲಸ, ಎಂಥಾ ಕೆಲಸ!" ಎಂದು ಅವನು ಟೋಪಿ ತೆಗೆದ.

ಅದೇನೆಂದು ಜೇಬೆಜ್ ಒಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಅದು ಕ್ರಿನೋಲಿನ್, ಅಂದರೆ ಲಂಗ ಗೋಪುರದಂತೆ ಉಬ್ಬಿ ನಿಲ್ಲಲಿ ಎಂದು ಹೆಂಗಸರು ಒಳಗೆ ತೊಡುವ ಉಕ್ಕಿನ ಗೂಡು. ಪೇಟೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಜೇಬೆಜ್‌ನ ಹೆಂಡತಿ ತೀರಿಕೊಂಡಾಗ ಹೆಂಗಸರಿನ್ನೂ ಲಂಗದ ಮೇಲೆ ಲಂಗ ಹೇರಿಕೊಂಡು ಬೇಯುತ್ತಿದ್ದರು. ಆಮೇಲಿನ ಸುದ್ದಿಯನ್ನು ಅವನಿಗೆ ಹೇಳುವವರಿರಲಿಲ್ಲ. ಗಂಡಸರ ಎದುರಿಗೆ ಹೆಂಗಸರು ಇಂಥದರ ಹೆಸರು ಎತ್ತುವಂತಿರಲಿಲ್ಲ, ಹೆಂಗಸರ ಎದುರಿಗೆ ಗಂಡಸರು ಅದನ್ನು ಕಂಡೇ ಇಲ್ಲವೆಂಬಂತೆ ಇರಬೇಕಿತ್ತು. ಈ ಗೂಡಿನ ಒಡತಿ ಪಕ್ಕದ ಚರ್ಚ್ ಬಂಗಲೆಯ ಶ್ರೀಮತಿ ವೆನೆಬಲ್ಸ್, ಸಾಕ್ಷಾತ್ ಪಾದ್ರಿಯ ಹೆಂಡತಿ. ಗಂಡನಿಗೆ ಗೊತ್ತಾಗದ ಹಾಗೆ ತರಿಸಿಕೊಂಡು, ಸೋಮವಾರದ ಒಗೆತದ ದಿನ ಎರಡು ದೊಡ್ಡ ಹಾಸುಗಳ ನಡುವೆ ಮರೆಮಾಡಿ ಗಾಳಿಗೆ ಹಾಕಿದ್ದರು. ಮರ್ಯಾದೆ ಎಂದರೇನೆಂದು ಗಾಳಿಗೆ ಏನು ಗೊತ್ತು!

"ಅಕ್ಕಾ, ಬಾ ಇಲ್ಲಿ! ಆಕಾಶದಿಂದ ಏನು ಬಿದ್ದಿದೆ ನೋಡು!"

ಅವನ ಅಕ್ಕ ಡಾರ್ಕಸ್ ಒಗೆಯುವ ತೊಟ್ಟಿಯಿಂದ ಎದ್ದು ಬಂದು ನೋಡಿದಳು. ಕೈಯಲ್ಲಿದ್ದ ಒಗೆದು ಹಿಂಡಿದ ಬಟ್ಟೆ ಕೆಸರಿಗೆ ಬಿತ್ತು.

"ತೆಗಿಯೋ ಅದನ್ನ!"

"ಯಾಕೆ?"

"ತೆಗಿ ಅಂದ್ರೆ ತೆಗಿ!"

"ಏನಿದು ಅಂತ ಹೇಳು, ತೆಗೀತೀನಿ."

"ಒಡಹುಟ್ಟಿದವಳನ್ನ ಕೇಳೋ ಮಾತೇನೋ ಇದು? ಹೇಳೋ ಹಾಗಿದ್ರೆ ಹೇಳ್ತಿರಲಿಲ್ವಾ?"

"ಹೇಳೋ ಹಾಗಿಲ್ಲ ಅಂದ್ರೆ ನಿಂಗೂ ಗೊತ್ತಿಲ್ಲ ಅಂತ ಆಯ್ತು. ಕರಿಹಕ್ಕಿ ಕಾಟಕ್ಕೆ ದೇವರೇ ಕಳಿಸಿದಾನೆ ಬಿಡು."

ಜೇಬೆಜ್‌ನ ಏಳು ವರ್ಷದ ಮಗಳು ಕೆಜಾಯಾ ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ಒಂದು ಕೇಳ್ಲಾ? ಅದು..."

ಡಾರ್ಕಸ್ ಎರಡೇ ಹೆಜ್ಜೆಗೆ ಹೋಗಿ, ಸೋಪಿನ ನೊರೆಯ ಅಂಗೈಯನ್ನು ಮಗುವಿನ ಬಾಯಿಗೆ ಒತ್ತಿದಳು. "ಮಕ್ಕಳು ಕಣ್ಣಿಗೆ ಕಾಣ್ಬೇಕು, ಕಿವಿಗೆ ಕೇಳಿಸ್ಬಾರ್ದು!"

ಜೇಬೆಜ್‌ಗೆ ಈ ವರ್ಷ ಹಕ್ಕಿಗೆ ಒಂದು ಕಾಯಿಯನ್ನೂ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಪ್ರತಿ ವರ್ಷ ಆಗಸ್ಟಿನ ಮೊದಲ ಶನಿವಾರ ಬಿಳಿ ಹಂಸ ಎಂಬ ಬಿಯರ್ ಅಂಗಡಿಯ ಮಹಡಿಯಲ್ಲಿ ಗೂಸ್‌ಬೆರಿ ತೂಗುತ್ತಿದ್ದರು. ಎಲ್ಲಕ್ಕಿಂತ ತೂಕದ ಹಣ್ಣಿಗೆ ಒಂದು ತಾಮ್ರದ ಕೆಟಲ್. ಏಳು ವರ್ಷದಿಂದ ಅದನ್ನು ಹಿಟ್ಟಿನ ಗಿರಣಿಯ ರಾಲ್ಫ್ ಬೆಬಿಂಗ್ಟನ್ ಹೊತ್ತುಕೊಂಡು ಹೋಗುತ್ತಿದ್ದ, ಏಳು ವರ್ಷದಿಂದ ಜೇಬೆಜ್ ಎರಡನೆಯವನು. ಬೆಬಿಂಗ್ಟನ್ ಮನೆಯ ಕಿಟಕಿಯಲ್ಲಿ ಏಳು ಕೆಟಲ್‌ಗಳು ಸಾಲಾಗಿ ಕೂತು ದಾರಿಯಲ್ಲಿ ಹೋಗುವವರನ್ನು ಅಣಕಿಸುತ್ತಿದ್ದವು. ಅಷ್ಟೊಂದು ಚಹಾ ಕುಡಿಯುವ ಹೊಟ್ಟೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆದರೆ ಜೇಬೆಜ್ ಪ್ರಾಮಾಣಿಕ. ಅಂದೇ ಮಧ್ಯಾಹ್ನ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ: "ಸಿಕ್ಕಿದೆ. ಉಕ್ಕಿನ ಗೂಡು ಒಂದು. ಒಂಬತ್ತು ಬಳೆ. ಕೆಳಗೆ ಅಗಲ, ಮೇಲೆ ಕಿರಿದು. ಯಾತಕ್ಕೆ ಉಪಯೋಗ ಎಂದು ಎಲ್ಲರ ಮುಂದೆ ಸರಿಯಾಗಿ ಹೇಳಿದವರಿಗೆ ಕೊಡಲಾಗುವುದು. ಜೇಬೆಜ್ ಓಕೆಲ್."

ಊರೆಲ್ಲ ಬಂದು ಓದಿತು. ಓದಿದವರು ಕರ್ಚೀಫು ಬಾಯಿಗಿಟ್ಟುಕೊಂಡು ಬೇಗ ಬೇಗ ಮನೆಗೆ ಹೋದರು. ಕೇಳಲು ಒಬ್ಬರೂ ಬರಲಿಲ್ಲ. ವಾರ ಕಳೆದ ಮೇಲೆ ಜೇಬೆಜ್ ಅದು ತನ್ನದೇ ಎಂದು ತೀರ್ಮಾನಿಸಿ, ಹಕ್ಕಿ ನುಗ್ಗದಂತೆ ಅದರ ಸುತ್ತ ಹಳೆಯ ಜಾಲರಿ ಪರದೆ ಹೊಲಿದ. ಮೇಲಿನ ತೂತು ಹಾಗೇ ಉಳಿಯಿತು. ಅದನ್ನು ಮುಚ್ಚಲು ಹೆಂಡತಿಯ ಹಳೆಯ ಹುಲ್ಲಿನ ಟೋಪಿ ಇಟ್ಟು, ಟೋಪಿಯ ರಿಬ್ಬನ್ನನ್ನು ಬಿಗಿಯಾಗಿ ಕಟ್ಟಿದ. ಈಗ ಬೀದಿಯಿಂದ ನೋಡಿದರೆ, ಗಿಡ್ಡನೆಯ ಹೆಂಗಸೊಬ್ಬಳು ಬಿಳಿ ಲಂಗ ಹರಡಿಕೊಂಡು ಓಕೆಲ್‌ನ ಗೂಸ್‌ಬೆರಿ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತಿತ್ತು.

ಮಂಜು ಕವಿದ ಒಂದು ಮುಂಜಾನೆ ಪೊಲೀಸ್ ಪೇದೆ ಪಾಟ್ ಬೇಲಿಯ ಆಚೆಯಿಂದ ಅದಕ್ಕೆ ಸಲಾಂ ಹೊಡೆದ. ಉತ್ತರ ಬರಲಿಲ್ಲ. "ಮೈ ಹುಷಾರಿಲ್ವಾ ಅಮ್ಮಾ?" ಎಂದು ಎರಡು ಸಲ ಕೇಳಿದ. ಆಮೇಲೆ ಹತ್ತಿರ ಹೋಗಿ ನೋಡಿ, ಕಿವಿಯವರೆಗೂ ಕೆಂಪಾಗಿ ಜೇಬೆಜ್‌ನ ಬಾಗಿಲು ತಟ್ಟಿದ.

"ಓಕೆಲ್, ಬೀದಿಗೆ ಕಾಣೋ ಹಾಗೆ ಅಂಥಾದ್ದನ್ನ ಇಡೋದು ಅಪರಾಧ."

"ಎಂಥಾದ್ದನ್ನ?"

"ಅಂಥಾದ್ದನ್ನ."

"ಯಾವ ಕಾನೂನು ಸ್ವಾಮಿ? ಹೆಸರು ಹೇಳಿ."

ಪಾಟ್ ಪುಸ್ತಕ ತೆಗೆದ. ಪೆನ್ಸಿಲ್ ನಾಲಿಗೆಗೆ ತಾಗಿಸಿದ. ಬರೆಯಲು ಹೋಗಿ ನಿಂತ. "ಇದನ್ನ ಬರದ್ರೆ ಮೇಲಿನ ಸಾಹೇಬ್ರು ಓದ್ತಾರೆ. ಅವರ ಹೆಂಡ್ತೀನೂ ಓದ್ತಾರೆ." ಪುಸ್ತಕ ಮುಚ್ಚಿದ. "ನಂಗಿನ್ನೂ ಮದ್ವೆ ಆಗಿಲ್ಲ ಓಕೆಲ್. ನಾನು ಏನೂ ನೋಡಿಲ್ಲ."

"ನೋಡದೇ ಇದ್ರೆ ನನ್ನ ಬಾಗಿಲು ಯಾಕೆ ತಟ್ಟಿದ್ರಿ?" ಎಂದು ಜೇಬೆಜ್ ಕೂಗಿದ. ಪಾಟ್ ಆಗಲೇ ಮಂಜಿನಲ್ಲಿ ಕರಗಿದ್ದ.

ಬಿಸಿಲೇರಿದ ಮೇಲೆ ಪಾದ್ರಿಯ ಹೆಂಡತಿ ಬರುತ್ತಿದ್ದರು. ವಾರಕ್ಕೆ ಮೂರು ಸಲ ಬೇಲಿಯ ಹತ್ತಿರ ನಿಲ್ಲುತ್ತಿದ್ದರು. ಮೊದಲೆಲ್ಲ ಗಂಟೆಯಂತೆ ತೂಗುತ್ತಿದ್ದ ಅವರ ಲಂಗ ಈಗ ಒದ್ದೆ ಬಾವುಟದಂತೆ ಕಾಲಿಗೆ ಸುತ್ತಿಕೊಂಡಿರುತ್ತಿತ್ತು.

"ಓಕೆಲ್, ಗೂಸ್‌ಬೆರಿ ಹೇಗಿವೆ?"

"ದೇವರ ದಯೆ ಅಮ್ಮಾವ್ರೇ, ಕೋಳಿಮೊಟ್ಟೆ ಆಗ್ತಿವೆ."

"ಆ ಗೂಡು... ಎಷ್ಟು ದಿನ ಇರುತ್ತೆ?"

"ಪಂದ್ಯದ ತನಕ. ಆಮೇಲೆ ಕತ್ತರಿಸಿ ಕೋಳಿಗೂಡಿಗೆ ಹಾಕ್ತೀನಿ."

"ಅಯ್ಯೋ!" ಎಂದರು ಅಮ್ಮಾವ್ರು.

"ಯಾಕಮ್ಮಾ?"

"ಏನಿಲ್ಲ. ನಿಮ್ಮ ಕೋಳಿಗಳು ಪುಣ್ಯ ಮಾಡಿವೆ ಅಂದೆ."

"ಇದು ಯಾರದ್ದು ಅಂತ ನಿಮಗೇನಾದ್ರೂ..."

"ನಂಗೆ ಹೇಗೆ ಗೊತ್ತಿರುತ್ತೆ ಓಕೆಲ್? ನಮ್ಮ ಯಜಮಾನರನ್ನಂತೂ ಕೇಳ್ಲೇಬೇಡಿ!" ಎಂದು ಅವರು ಹೊರಟೇಹೋದರು. ಕೆಜಾಯಾ ಅಪ್ಪನ ತೋಳು ಜಗ್ಗಿ "ಅಪ್ಪಾ, ಒಂದು ಕೇಳ್ಲಾ?" ಎಂದಳು. ಅಡಿಗೆಮನೆ ಕಿಟಕಿಯಿಂದ ಡಾರ್ಕಸ್‌ಳ ಸೌಟು ಹೊರಗೆ ಬಂದು ಆಡಿತು. ಮಗು ಬಾಯಿ ಮುಚ್ಚಿಕೊಂಡಿತು.

ಗೂಡು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಜೇಬೆಜ್ ತನ್ನ ಎರಡನೆಯ ಗಿಡಕ್ಕೂ ಅಂಥದೇ ಒಂದನ್ನು ಬೆಣ್ಣೆ ಪೀಪಾಯಿಯ ತೆಳು ಕಬ್ಬಿಣದ ಪಟ್ಟಿಯಿಂದ ಮಾಡಿದ. ಕೈ ಕಡಿಯಿತೆಂದು ಮತ್ತೊಂದು ಮಾಡಿದ. ಅದನ್ನು ಅಂಗಡಿಯ ಮುಂದೆ ತೂಗುಹಾಕಿ, ಕೆಳಗೆ ಹಲಗೆಯ ಮೇಲೆ ಬರೆದ: "ಗೂಸ್‌ಬೆರಿ ಗೂಡು. ಯಾವ ಗಾತ್ರಕ್ಕೂ ಮಾಡಿಕೊಡಲಾಗುವುದು."

ಅವನ ಕಷ್ಟ ಶುರುವಾದದ್ದು ಅಲ್ಲಿಂದ.

ಮೊದಲು ಬಂದವಳು ಲೆಟಿಸ್, ಗಿರಣಿಯ ಬೆಬಿಂಗ್ಟನ್ನನ ಮಗಳು. ಹಿಂದೆ ಮುಂದೆ ನೋಡಿ ಒಳಗೆ ಬಂದು ಬಾಗಿಲು ಎಳೆದುಕೊಂಡಳು.

"ಓಕೆಲ್ ಮಾವ, ನಂಗೊಂದು ಗೂಡು ಬೇಕು. ಗೂಸ್‌ಬೆರಿಗೆ. ಅಪ್ಪಂಗೆ ಹೇಳ್ಬೇಡಿ."

ಜೇಬೆಜ್‌ನ ಕಿವಿ ನಿಮಿರಿತು. "ಮೇಲ್ಗಡೆ ಸುತ್ತಳತೆ?"

"ಇಪ್ಪತ್ತಮೂರು ಅಂಗುಲ."

"ಕೆಳಗೆ?"

"ನಿಮ್ಮ ಕೈಲಿ ಎಷ್ಟಾಗುತ್ತೋ ಅಷ್ಟು!"

"ಹಾಗೆಲ್ಲ ಆಗಲ್ಲಮ್ಮ. ನಾನೇ ಬಂದು ಗಿಡ ನೋಡಿ ಅಳತೆ ತಗೋತೀನಿ."

ಲೆಟಿಸ್ ಚೀರಿದಳು. "ಬೇಡ! ಅಳತೆ ಎಲ್ಲಾ ನಾನೇ ತಗೊಂಡಿದೀನಿ. ಮತ್ತೆ... ಗಿಡ ಕೂತ್ಕೊಂಡಾಗ ಗೂಡೂ ಮಡಚ್ಕೋಬೇಕು."

"ಗಿಡ ಕೂತ್ಕೊಳ್ಳುತ್ತಾ?"

"ಗಾಳಿಗೆ ಮಾವ, ಗಾಳಿಗೆ!"

ಲೆಟಿಸ್ ಹೋದ ಮೇಲೆ ಅಂಚೆಯವನ ಹೆಂಡತಿ ಬಂದಳು, ಬೇಕರಿಯ ಅಕ್ಕತಂಗಿಯರು ಬಂದರು, ಶಾಲೆಯ ಮೇಡಂ ಬಂದರು. ಎಲ್ಲರಿಗೂ ಗೂಸ್‌ಬೆರಿಗೇ ಬೇಕು. ಎಲ್ಲರ ಗಿಡದ ತಲೆಯೂ ಇಪ್ಪತ್ತೆರಡರಿಂದ ಮೂವತ್ತು ಅಂಗುಲ. ಎಲ್ಲರದೂ "ಯಾರಿಗೂ ಹೇಳ್ಬೇಡಿ". ಮೂರು ವಾರದಲ್ಲಿ ಹನ್ನೊಂದು ಗೂಡು ಹೋದವು. ಹನ್ನೆರಡನೆಯದು ಮೊಳೆಗೆ ತೂಗುಹಾಕಿದ್ದು ಹಾಗೇ ಮಾಯವಾಯಿತು. "ಮನೆಗೇ ಕಳ್ಳ ಬಂದನಲ್ಲ ಅಕ್ಕಾ!" ಎಂದರೆ, ಡಾರ್ಕಸ್ ಒಲೆಯ ಕಡೆ ತಿರುಗಿಕೊಂಡು "ಕಾಲ ಕೆಟ್ಟಿದೆ" ಎಂದಳು.

ಜೇಬೆಜ್ ಲೆಕ್ಕ ಹಾಕಿದ. ಹನ್ನೊಂದು ಗೂಡು ಎಂದರೆ ಹನ್ನೊಂದು ಗಿಡ, ಹನ್ನೊಂದು ಎದುರಾಳಿ. ತನ್ನ ಕತ್ತಿಗೆ ತಾನೇ ಹನ್ನೊಂದು ಉರುಳು ಹೆಣೆದುಕೊಟ್ಟಂತಾಯಿತಲ್ಲ! ಪತ್ತೆ ಮಾಡೋಣವೆಂದು ಪೀಪಾಯಿ ಕೊಡುವ ನೆಪದಲ್ಲಿ ಮನೆ ಮನೆಯ ಹಿತ್ತಿಲು ಇಣುಕಿದ. ಒಂದು ಹಿತ್ತಿಲಲ್ಲೂ ಗೂಡಿಲ್ಲ. ಬೇಕರಿಯವರ ಹಿತ್ತಿಲಲ್ಲಿ ಗೂಸ್‌ಬೆರಿ ಗಿಡವೇ ಇಲ್ಲ. ಶಾಲೆಯ ಮೇಡಂಗೆ ಹಿತ್ತಿಲೇ ಇಲ್ಲ.

"ಎಲ್ಲಿ ಬಚ್ಚಿಟ್ಟಿದಾರೆ?" ಎಂದು ಅವನು ಬೀದಿಯ ನಡುವೆ ನಿಂತು ತಲೆ ಕೆರೆದುಕೊಂಡ. ಪಕ್ಕದಲ್ಲೇ ಅಂಚೆಯವನ ಹೆಂಡತಿ ಹಾಲಿನ ಗಾಡಿಯಂತೆ ಸದ್ದು ಮಾಡುತ್ತ, ಇಡೀ ಕಾಲುದಾರಿ ತುಂಬಿಕೊಂಡು ಹಾದುಹೋದಳು. ಜೇಬೆಜ್ ಚರಂಡಿಗೆ ಇಳಿದು ದಾರಿ ಬಿಟ್ಟ, ಮತ್ತೆ ಹತ್ತಿ ಬಂದು ಯೋಚನೆ ಮುಂದುವರಿಸಿದ.

ಊರಿನ ಹಿರಿಯಳಾದ ಡಟನ್ ಅಜ್ಜಿಯನ್ನು ಕೇಳೋಣವೆಂದು ಹೋದ. ಎಂಬತ್ತೈದು ದಾಟಿದ ಮುದುಕಿ ಬಿಸಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಹೊಸದೇನಲ್ಲ ಬಿಡಪ್ಪ," ಎಂದಳು. "ನಮ್ಮಜ್ಜಿ ಕಾಲದಲ್ಲಿ ಬೆತ್ತದ್ದು, ತಿಮಿಂಗಿಲದ ಎಲುಬಿಂದು. ಕತ್ತೆ ಮೇಲೆ ಹೇರು ಹೇರಿದ ಹಾಗೆ ಎರಡೂ ಪಕ್ಕಕ್ಕೆ ಚಾಚಿರ್ತಿತ್ತು. ಬಾಗಿಲಲ್ಲಿ ಏಡಿ ಥರ ಅಡ್ಡಡ್ಡ ಹೋಗ್ಬೇಕು. ನಾನು ಹುಡುಗಿ ಆಗಿದ್ದಾಗ ಏನೂ ಇಲ್ಲ, ಎಲ್ಲಾ ನೆಟ್ಟಗೆ ಮೇಣದಬತ್ತಿ ಥರ. ಆಮೇಲೆ ಶುರುವಾಯ್ತು ನೋಡು, ಕುದುರೆ ಕೂದಲು ನೇಯ್ದು ಗಂಜಿ ಹಾಕಿದ್ದು, ಆರು ಪದರ. ಬೇಸಿಗೇಲಿ ಪ್ರಾಣ ಹೋಗ್ತಿತ್ತು. ಈಗ ಉಕ್ಕು. ಹಗುರ ಅಂತೆ."

"ಅಜ್ಜೀ, ಬಾಗಿಲಲ್ಲಿ ಹೋಗೋ ಗೂಸ್‌ಬೆರಿ ಗಿಡಾನ ನಾನು ಕಂಡಿಲ್ಲ."

"ನೀನು ಏನನ್ನೂ ಕಂಡಿಲ್ಲ ಕಣಪ್ಪ. ಅದೇ ನಿನ್ನ ಕಷ್ಟ." ಅಜ್ಜಿ ಬಟಾಣಿ ಸಿಪ್ಪೆ ಕೊಡವಿದಳು. "ನಂಗೂ ಒಂದು ಮಾಡ್ಕೊಡು. ಚಿಕ್ಕದು."

"ನಿಂಗೂನಾ! ನೀನೂ ಪಂದ್ಯಕ್ಕೆ ನಿಲ್ತೀಯಾ?"

"ನಿಂತ್ರೆ ತಪ್ಪೇನು?" ಎಂದಳು ಅಜ್ಜಿ.

ಭಾನುವಾರ ಚರ್ಚಿನಲ್ಲಿ ಆರು ಜನ ಕೂರುವ ಪೀಠಗಳಲ್ಲಿ ಮೂರು ಮೂರು ಹೆಂಗಸರು ತುಂಬಿ ತುಳುಕುತ್ತಿದ್ದರು. ಜಾಗವಿಲ್ಲದೆ ಜೇಬೆಜ್ ಗೋಡೆಗೆ ಒರಗಿ ನಿಂತ. ಪಾದ್ರಿ ವೆನೆಬಲ್ಸ್ ವೇದಿಕೆ ಹತ್ತಿ, ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿ ಗುಡುಗಿದರು: "ದೇವರು ಕೊಟ್ಟ ಗಾತ್ರ ಸಾಲದೆಂದು ಕಬ್ಬಿಣದ ಸಹಾಯದಿಂದ ಹಿಗ್ಗುವವರೇ! ಒಳಗೆ ಬರೀ ಗಾಳಿ, ಹೊರಗೆ ಆಡಂಬರ! ಕಡೆಯ ದಿನ ತಕ್ಕಡಿಯಲ್ಲಿ ಕೂರಿಸಿದಾಗ ನಿಮ್ಮ ನಿಜವಾದ ತೂಕ ಗೊತ್ತಾಗುತ್ತದೆ!"

ಜೇಬೆಜ್‌ಗೆ ರೋಮಾಂಚನವಾಯಿತು. ತಾನೇನು ಹೇಳಬೇಕೆಂದಿದ್ದನೋ ಅದನ್ನೇ ಪಾದ್ರಿಗಳು ಆ ಹನ್ನೊಂದು ಕಳ್ಳ ಬೆಳೆಗಾರರಿಗೆ ಹೇಳುತ್ತಿದ್ದಾರೆ! "ಆಮೆನ್!" ಎಂದು ಕೂಗಿದ. ಸಾಲದೆಂದು "ತೂಗಿ ಸ್ವಾಮಿ, ಒಬ್ಬೊಬ್ಬರನ್ನೇ ತೂಗಿ!" ಎಂದೂ ಕೂಗಿದ. ಚರ್ಚಿನ ಹೆಂಗಸರೆಲ್ಲ ಒಟ್ಟಿಗೆ ಹಿಂದೆ ತಿರುಗಿ ಅವನನ್ನು ನೋಡಿದರು. ಅಷ್ಟೂ ಗೂಡುಗಳು ಪೀಠದ ಮರಕ್ಕೆ ತಾಗಿ ಕಮ್ಮಾರಸಾಲೆಯ ಸದ್ದಾಯಿತು. ಪಾದ್ರಿಯ ಹೆಂಡತಿ ಮಾತ್ರ ತಿರುಗಲಿಲ್ಲ. ಅವರು ಪ್ರಾರ್ಥನೆಯ ಪುಸ್ತಕದೊಳಗೆ ಮುಖ ಹುದುಗಿಸಿದ್ದರು.

ಕಡೆಗೂ ಆ ಶನಿವಾರ ಬಂತು. ಬಿಳಿ ಹಂಸದ ಮಹಡಿ ಮೆಟ್ಟಿಲು ಕಿರಿದು. ಲೆಟಿಸ್ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಳು. ಅವಳನ್ನು ಕೆಳಗಿನಿಂದ ಇಬ್ಬರು ತಳ್ಳಿ, ಮೇಲಿನಿಂದ ಇಬ್ಬರು ಎಳೆದು ಬಿಡಿಸಬೇಕಾಯಿತು. ಡಾರ್ಕಸ್ ಕೂಡ ಅಡ್ಡಡ್ಡ ಹತ್ತಿ ಬಂದಳು. "ಮೊಣಕಾಲು ನೋವು" ಎಂದಳು. ಬಂದ ಹೆಂಗಸರಲ್ಲಿ ಯಾರೂ ಕೂರಲಿಲ್ಲ. ಜೇಬೆಜ್ ಅವರ ಕೈಗಳನ್ನು ಒಂದೊಂದಾಗಿ ನೋಡಿದ. ಯಾರ ಕೈಯಲ್ಲೂ ಗೂಸ್‌ಬೆರಿ ಇಲ್ಲ. ಹನ್ನೊಂದು ಎದುರಾಳಿಗಳೂ ಒಮ್ಮೆಗೇ ಹಿಂದೆ ಸರಿದುಬಿಟ್ಟರೇ! ತೀರ್ಪುಗಾರರ ಕುರ್ಚಿಯಲ್ಲಿ ಪಾದ್ರಿಗಳು. ಪಕ್ಕದಲ್ಲಿ ಒದ್ದೆ ಬಾವುಟದ ಅಮ್ಮಾವ್ರು. ಮೇಜಿನ ಮೇಲೆ ಅಕ್ಕಸಾಲಿಗರ ತಕ್ಕಡಿ, ಅದರ ಪಕ್ಕ ಫಳಫಳಿಸುವ ಕೆಟಲ್.

ಕೊನೆಗೆ ಉಳಿದದ್ದು ಎರಡೇ ಹಣ್ಣು. ಬೆಬಿಂಗ್ಟನ್ನನದನ್ನು ಒಂದು ತಟ್ಟೆಯಲ್ಲಿಟ್ಟರು. ಜೇಬೆಜ್ ತನ್ನದನ್ನು ಕೆನ್ನೆಗೆ ಒತ್ತಿಕೊಂಡು, ಆಮೇಲೆ ಇನ್ನೊಂದರಲ್ಲಿಟ್ಟ. ತಕ್ಕಡಿ ತೂಗಾಡಿತು, ತೂಗಾಡಿತು. ಜೇಬೆಜ್‌ನ ತಟ್ಟೆ ಕೂದಲೆಳೆಯಷ್ಟು ಕೆಳಗೆ ಬಂದು ನಿಂತಿತು.

ಜೇಬೆಜ್ ಬಾಯಿ ತೆರೆದ. ಅಷ್ಟರಲ್ಲಿ ಬೆಬಿಂಗ್ಟನ್ ಮೇಜು ಗುದ್ದಿದ.

"ತಕರಾರಿದೆ! ಗೂಸ್‌ಬೆರಿ ಕ್ಲಬ್ಬಿನ ಒಂಬತ್ತನೇ ನಿಯಮ ಓದಿ! ಬೆಳೆಗಾರ ಬಳಸೋ ಸಾಮಾನು ಸ್ವಂತದ್ದಿರ್ಬೇಕು, ಇಲ್ಲಾ ಒಡೆಯರು ಒಪ್ಪಿ ಕೊಟ್ಟಿದ್ದಿರ್ಬೇಕು. ಪಾಟ್, ತಗೊಂಡ್ ಬಾರಯ್ಯ ಅದನ್ನ!"

ಪೇದೆ ಪಾಟ್ ಕಣ್ಣು ಮುಚ್ಚಿಕೊಂಡು ಆ ಉಕ್ಕಿನ ಗೂಡನ್ನು ತಂದು ಮೇಜಿನ ಮೇಲಿಟ್ಟ. ಕೋಣೆಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಚಾವಣಿ ನೋಡಿದರು.

"ಇದು ನಿನ್ನದೇನೋ ಓಕೆಲ್?" ಎಂದು ಬೆಬಿಂಗ್ಟನ್ ಕೇಳಿದ.

"ಗಾಳಿ ತಂದದ್ದು. ಚೀಟಿ ಅಂಟಿಸಿದ್ದೆ. ಯಾರೂ ಬರಲಿಲ್ಲ."

"ಯಾರು ಬರ್ತಾರೋ, ಅಂಥಾ ಚೀಟಿಗೆ? ಕದ್ದಿದ್ದು ಅನ್ನು!"

"ನಾನು ಕಳ್ಳ ಅಲ್ಲ ಬೆಬಿಂಗ್ಟನ್! ಇಪ್ಪತ್ತು ವರ್ಷದಿಂದ ನಿನ್ನ ಪೀಪಾಯಿ ಕಟ್ಟಿದೀನಿ, ಒಂದು ಹಲಗೇನಾದ್ರೂ ಕದ್ದಿದೀನಾ? ಅಲ್ಲಾ, ಇದೇನು ಅಂತಾನೇ ಒಬ್ಬರೂ ಹೇಳಲ್ಲ, ಇದು ಯಾರದ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಜೇಬೆಜ್ ಪಾದ್ರಿಗಳ ಕಡೆ ತಿರುಗಿದ. "ಸ್ವಾಮಿ, ಎರಡು ತಿಂಗಳಿಂದ ಊರೆಲ್ಲ ನನ್ನ ಮುಖ ನೋಡಿ ಕೆಂಪಾಗುತ್ತೆ. ಕಾರಣ ಕೇಳಿದ್ರೆ ಓಡಿಹೋಗುತ್ತೆ. ಬೈಯೋದಾದ್ರೂ ಬಾಯಿಬಿಟ್ಟು ಬೈಯ್ರಿ!"

ಪಾದ್ರಿಗಳು ಎದ್ದು ನಿಂತರು. ಗೂಡಿನ ಕಡೆ ಒಂದು ಬೆರಳು ಚಾಚಿ, ಮುಖವನ್ನು ಮಾತ್ರ ಕಿಟಕಿಯ ಕಡೆ ತಿರುಗಿಸಿಕೊಂಡರು.

"ಇಂಥದನ್ನ ಇಟ್ಕೊಂಡಿರೋ ಹೆಣ್ಣು ನನ್ನ ಊರಲ್ಲಿ ಒಬ್ಬಳಿದಾಳೆ ಅನ್ನೋದೇ ನಂಗೆ ನಾಚಿಕೆ." ಅವರ ಎದುರಿಗೆ ಒಂದು ಡಜನ್ ಗೂಡುಗಳು ಮೆಲ್ಲಗೆ ಕಿಣಿಕಿಣಿ ಎಂದವು. "ಆದರೂ ನ್ಯಾಯ ನ್ಯಾಯವೇ. ಇದು ಯಾರದ್ದು ಅಂತ ಈ ಕೋಣೇಲಿ ಯಾರಾದ್ರೂ ಸರಿ, ಒಬ್ಬರು ಬಾಯಿಬಿಟ್ಟು ಹೇಳಲಿ. ಹೇಳಿದ ಮರುಕ್ಷಣ, ಒಡತಿ ಒಪ್ಪಿದ ಹಾಗೇ ಅಂತ ಲೆಕ್ಕ ಹಿಡಿದು, ಕೆಟಲನ್ನ ನಾನೇ ಓಕೆಲ್ ಕೈಗೆ ಕೊಡ್ತೀನಿ. ಹೇಳದೇ ಹೋದ್ರೆ ಅವನ ಹೆಸರನ್ನ ಕ್ಲಬ್ಬಿನ ಪುಸ್ತಕದಿಂದಲೇ ಹೊಡೆದು ಹಾಕ್ತೀನಿ."

ಹೆಂಗಸರು ನೆಲ ನೋಡಿದರು, ಗಂಡಸರು ಚಾವಣಿಯನ್ನು ಬಿಡಲಿಲ್ಲ. ಅಮ್ಮಾವ್ರ ಬೀಸಣಿಗೆ ಜೇನುನೊಣದ ರೆಕ್ಕೆಯಂತೆ ಬಡಿದುಕೊಳ್ಳುತ್ತಿತ್ತು. ಪಾದ್ರಿಗಳು ಲೇಖನಿಯನ್ನು ಮಸಿಗೆ ಅದ್ದಿದರು. ಜೇಬೆಜ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದ. ಅವನ ಗಲ್ಲ ನಡುಗುತ್ತಿತ್ತು.

ಅದನ್ನು ಕೆಜಾಯಾ ನೋಡಿದಳು. ಅಪ್ಪನ ಗಲ್ಲ ಹಾಗೆ ನಡುಗಿದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತಳು. ಡಾರ್ಕಸ್ ಕೈ ಚಾಚಿದಳು. ಆದರೆ ಅವಳ ಲಂಗ ಒಂದು ಕಡೆ ಮೇಜಿಗೂ ಇನ್ನೊಂದು ಕಡೆ ಬೆಂಚಿಗೂ ತಾಗಿ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಎಷ್ಟು ಬಾಗಿದರೂ ಅಂಗೈ ಮಗುವಿನ ಬಾಯಿಗೆ ಮೂರಡಿ ದೂರದಲ್ಲೇ ಗಾಳಿಯಲ್ಲಿ ಆಡಿತು.

"ಪಾದ್ರಿಗಳೇ," ಎಂದಳು ಕೆಜಾಯಾ, "ಅಮ್ಮಾವ್ರು ಹೇಳ್ಕೊಡೋ ಹೊಲಿಗೆ ಪಾಠದಲ್ಲಿ ನನ್ನ ಸೂಜಿ ಬಿದ್ದೋಗಿತ್ತು. ಹುಡುಕೋಕೆ ಅಂತ ಅಮ್ಮಾವ್ರ ಲಂಗದ ಕೆಳಗೆ ನುಗ್ಗಿದ್ದೆ. ಅಲ್ಲಿ ಇದೇ ಇತ್ತು, ನಾನು ಬಳೆ ಎಲ್ಲಾ ಎಣಿಸಿದೀನಿ. ನಿಮ್ಮನೇದು ಅಂತ ನಿಮಗೇ ಗೊತ್ತಾಗ್ಲಿಲ್ವಾ?"